ಮಿಠಿ ನದಿಯ ಉಗಮ: ವಿಹಾರ್ ಕೆರೆಯೋ, ಮೇಲಿನ ಕಣಿವೆಯೋ?

ವಿಹಾರ್ ಕೆರೆಯ ಕೋಡಿಯಲ್ಲಿ ಹುಟ್ಟುವ ಮುಂಬೈಯ ಮಿಠಿ ನದಿ ಪೊವಾಯಿ ಕೆರೆಯ ಕೋಡಿ ನೀರನ್ನೂ ಕೂಡಿಕೊಂಡು ಸುಮಾರು 18 ಕಿ.ಮೀ. ಹರಿದು ಮಾಹಿಮ್ ಖಾಡಿಯಲ್ಲಿ ಕಡಲು ಸೇರುತ್ತದೆ ಎಂಬುದು ಆಡಳಿತದ ವರದಿಗಳ ರೂಢಿಯ ವಿವರಣೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ಮೇಲೆ ಬಂದ ಬರಹಗಳಲ್ಲೂ ಅದೇ ಮಾತಿದೆ. ನದಿಯ ಕೆಳಪಾತ್ರದ ಒತ್ತುವರಿ, ಹೂಳು, ವಿಮಾನ ನಿಲ್ದಾಣದ ಬಳಿಯ ತಿರುವು ಇವುಗಳ ಬಗ್ಗೆ ಈಗ ದೊಡ್ಡ ತಕರಾರಿಲ್ಲ. ತಕರಾರಿರುವುದು ಉಗಮದ ಬಗ್ಗೆ.

ವಿಹಾರ್ ಸಹಜ ಸರೋವರವಲ್ಲ. 1856ರಲ್ಲಿ ಕೆಲಸ ಹಿಡಿದು 1860ರಲ್ಲಿ ಮುಗಿಸಿದ ಕುಡಿಯುವ ನೀರಿನ ಕಟ್ಟೆ. ಏರಿ ಹಾಕಲು ಅಲ್ಲೊಂದು ಕಣಿವೆ ಮೊದಲೇ ಇರಬೇಕು, ಕಣಿವೆಯನ್ನು ಕೊರೆದ ಹಳ್ಳವೂ ಇರಬೇಕು. ಕಾವೇರಿ ಕನ್ನಂಬಾಡಿ ಕಟ್ಟೆಯಲ್ಲಿ ಹುಟ್ಟುತ್ತದೆ ಎಂದು ಯಾರೂ ಬರೆಯುವುದಿಲ್ಲ. ಹಾಗಾಗಿ ಮಿಠಿಯ ಉಗಮವನ್ನು ಕೆರೆಯ ಮೇಲಣ ಗುಡ್ಡದ ಇಳಿಜಾರುಗಳಲ್ಲೇ ಹುಡುಕಬೇಕು. ಏರಿಯ ಕೆಳಗೆ ಇಂದು ಹರಿಯುವ ನೀರನ್ನು ನೋಡಿಯೇ ಉಗಮವನ್ನು ಹೇಳಬೇಕು ಎಂಬ ಆಕ್ಷೇಪ ಬರಬಹುದು. ಆದರೆ ಕೆರೆ ಕೋಡಿ ಬೀಳುವುದು ಮಳೆಗಾಲದಲ್ಲಿ ಮಾತ್ರ. ಕೋಡಿಯನ್ನೇ ಉಗಮವೆಂದರೆ ಉಳಿದ ತಿಂಗಳುಗಳಲ್ಲಿ ಮಿಠಿಗೆ ಉಗಮವೇ ಇಲ್ಲವೆಂದಾಗುತ್ತದೆ. ನದಿಯನ್ನು ನಾಲೆಯಂತೆ ಕಾಣುವ ಆಡಳಿತದ ಅಭ್ಯಾಸಕ್ಕೆ ಈ ವ್ಯಾಖ್ಯೆಯೂ ಕುಮ್ಮಕ್ಕು ಕೊಟ್ಟಿರಬಹುದು. ನದಿ ಹದಗೆಡಲು ಅದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಕಾರ್ಖಾನೆಗಳ ಕೊಳಚೆ, ಜನವಸತಿಗಳ ಒತ್ತಡ ಇವೆಲ್ಲ ವ್ಯಾಖ್ಯೆಯನ್ನು ಕಾದು ಕೂತಿರಲಿಲ್ಲ.

ಏರಿಯ ಕೆಳಗಿನ ನೀರಿನ ಆಕ್ಷೇಪಕ್ಕಿಂತ ಗಟ್ಟಿಯಾದದ್ದು ಇನ್ನೂ ಎತ್ತರದಲ್ಲಿರುವ ತುಳಸಿ ಕೆರೆಯಿಂದ ಬರುತ್ತದೆ. ತಾಸೊ ಹಳ್ಳಕ್ಕೆ ಕಟ್ಟೆ ಹಾಕಿ 1879ರಲ್ಲಿ ಪೂರ್ಣಗೊಳಿಸಿದ ಈ ಕೆರೆ ತುಂಬಿದಾಗ ಹೆಚ್ಚುವರಿ ನೀರು ವಿಹಾರ್‌ಗೆ ಇಳಿಯುತ್ತದೆ. ನಗರಪಾಲಿಕೆಯ ಅಳತೆಯಲ್ಲಿ ತುಳಸಿ ಕೋಡಿ ಬೀಳುವ ಮಟ್ಟ 139.17 ಮೀಟರ್, ವಿಹಾರ್‌ನದು 80.12. ಸುಮಾರು 59 ಮೀಟರ್‌ಗಳ ಈ ಇಳಿತವನ್ನು ನೋಡಿದವರು ತುಳಸಿಯೇ ಮಿಠಿಯ ತಲೆ ಎನ್ನಬಹುದು. ನಾನು ಅಷ್ಟು ದೂರ ಹೋಗಲಾರೆ. ಇಂದು ನೀರು ಹರಿಯುವ ದಾರಿ ಎಂಜಿನಿಯರರು ಕೈಹಾಕಿದ ನಂತರದ್ದು. ಮೂಲ ಜಲಾನಯನದ ಗಡಿಗೆ ಅದನ್ನೇ ಸಾಕ್ಷಿಯಾಗಿ ಹಿಡಿದರೆ, ವಿಹಾರ್ ವಿಷಯದಲ್ಲಿ ಯಾವ ತಪ್ಪನ್ನು ಎತ್ತಿ ತೋರಿಸಿದೆನೋ ಅದೇ ತಪ್ಪು ಇಲ್ಲೂ ಆಗುತ್ತದೆ. ತುಳಸಿಯ ಇಳಿಜಾರುಗಳಲ್ಲಿ ಎಷ್ಟು ಭಾಗ ಮಿಠಿಯ ಪಾಲಿನದೆಂಬುದನ್ನು ಕಟ್ಟೆಗಳಿಗಿಂತ ಹಿಂದಿನ ಭೂಮಾಪನ ನಕ್ಷೆಗಳ ಮೇಲೆ ಜಲಾನಯನದ ಗಡಿಯನ್ನು ಗುರುತಿಸಿಯೇ ತೀರ್ಮಾನಿಸಬೇಕು.