ಗೆರೆ ಹೊಡೆದ ಹೆಸರು

ಇಪ್ಪತ್ತೇಳು ವರ್ಷ ಹಾಜರಿ ಪುಸ್ತಕ ಬರೆದವಳು ನಾನು. ಶಾಲೆ ಬಿಟ್ಟ ಮಗುವಿನ ಸಾಲಿಗೆ ಕೆಂಪು ಶಾಯಿಯ ಗೆರೆ ಎಳೆದರೆ ಲೆಕ್ಕದಲ್ಲಿ ಆ ಮಗು ಇಲ್ಲ. ಹೆಸರು ಮಾತ್ರ ಗೆರೆಯಡಿ ಹಾಗೇ ಉಳಿಯುತ್ತದೆ. ಕಂಪ್ಯೂಟರಿನೊಳಗೂ ಇಂಥದೇ ಒಂದು ಹಾಜರಿ ಪುಸ್ತಕವಿತ್ತೆಂದು ತಿಳಿದದ್ದು, ವಯಸ್ಸು ಮೀರಿದ ಮೇಲೆ ಸಿ ಭಾಷೆ ಕಲಿಯಲು ಹೋಗಿ.

1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಪಿಡಿಪಿ-7 ಎಂಬ ಯಂತ್ರದ ಮೇಲೆ ಯುನಿಕ್ಸ್ ಆರಂಭಿಸಿದರು. 1973ರಲ್ಲಿ ಅದರ ತಿರುಳನ್ನು ರಿಚಿಯವರ ಸಿ ಭಾಷೆಯಲ್ಲಿ ಮತ್ತೆ ಬರೆದರು. ಇದು ಎಲ್ಲರೂ ಹೇಳುವ ಕಥೆ. ನನಗೆ ಹಿಡಿಸಿದ್ದು ಅವರ ಒಂದು ಹಟ. ಪತ್ರವಾಗಲಿ, ಟರ್ಮಿನಲ್ಲಾಗಲಿ, ಇಡೀ ಡಿಸ್ಕೇ ಆಗಲಿ, ಎಲ್ಲವೂ ಕಡತ. ಓಪನ್ ಎಂದು ತೆರೆ, ರೀಡ್ ಎಂದು ಓದು, ಅಷ್ಟೇ.

ಪಿಡಿಪಿ-11ಕ್ಕೆ ಜೋಡಿಸುತ್ತಿದ್ದ ಆರ್‌ಕೆ05 ಡಿಸ್ಕಿನಲ್ಲಿ 512 ಬೈಟುಗಳ 4,872 ತುಂಡುಗಳು. ಆದರೆ ಆ ಯಂತ್ರದ ಪೂರ್ಣಾಂಕ 16 ಬಿಟ್ಟಿನದು. 65,535ರ ಆಚೆಗೆ ಎಣಿಸಲು ಬಾರದು. ಅದಕ್ಕೇ ಆರನೆಯ ಆವೃತ್ತಿಯಲ್ಲಿ ಸೀಕ್ ಎಂಬ ಕರೆಗೆ ಬೈಟುಗಳ ಬದಲು 512ರ ತುಂಡುಗಳಲ್ಲಿ ಹಾರುವ ಉಪಾಯವಿತ್ತು. 1979ರ ಏಳನೆಯ ಆವೃತ್ತಿಯಲ್ಲಿ ಉದ್ದದ ಪೂರ್ಣಾಂಕ ಬಳಸುವ ಎಲ್‌ಸೀಕ್ ಬಂತು. ಆ ಎಲ್ ಅಕ್ಷರ ಲಾಂಗ್ ಎಂಬುದರದ್ದು. ನಮ್ಮೂರಲ್ಲಿ ಮೊಳದಿಂದ ಅಳೆಯಲಾಗದ್ದನ್ನು ಮಾರಿನಲ್ಲಿ ಅಳೆಯುವುದಿಲ್ಲವೇ, ಹಾಗೆ.

ಈಗ ಹಾಜರಿ ಪುಸ್ತಕದ ಮಾತು. ಆಗಿನ ಡೈರೆಕ್ಟರಿಯಲ್ಲಿ ಒಂದೊಂದು ಸಾಲಿಗೆ 16 ಬೈಟು: ಮೊದಲ ಎರಡರಲ್ಲಿ ಕಡತದ ದಾಖಲೆ ಸಂಖ್ಯೆ, ಉಳಿದ ಹದಿನಾಲ್ಕರಲ್ಲಿ ಹೆಸರು. ಒಂದು ತುಂಡಿಗೆ 32 ಸಾಲು. ಕಡತ ಅಳಿಸಿದರೆ ಸಂಖ್ಯೆಯ ಜಾಗಕ್ಕೆ ಸೊನ್ನೆ ಬೀಳುತ್ತಿತ್ತು, ಹೆಸರು ಅಲ್ಲೇ ಇರುತ್ತಿತ್ತು. ನಾಲ್ಕು ಸಾಲಿನ ಸಿ ಪ್ರೋಗ್ರಾಮು ಸಾಕು, ಸೊನ್ನೆ ಬಿದ್ದ ಹೆಸರುಗಳನ್ನೆಲ್ಲ ಓದಬಹುದು. ಒಳಗಿನ ಬರಹವೂ ಕೂಡಲೇ ಹಾಳಾಗುತ್ತಿರಲಿಲ್ಲ, ಆದರೆ ಅದು ಯಾವ ತುಂಡುಗಳಲ್ಲಿದೆ ಎಂಬ ಪಟ್ಟಿ ಅಳಿದುಹೋಗುತ್ತಿತ್ತು. ಮತ್ತೆ ಸಿಗಬೇಕಾದರೆ ಡಿಸ್ಕನ್ನೇ ಕಡತದಂತೆ ತೆರೆದು ತುಂಡುತುಂಡಾಗಿ ಓದಬೇಕು. ತಡಮಾಡುವಂತಿಲ್ಲ: ಕೊನೆಗೆ ಖಾಲಿಯಾದ ತುಂಡೇ ಮುಂದಿನ ಕಡತಕ್ಕೆ ಮೊದಲು ಸಿಗುತ್ತಿತ್ತು.

ಇದರಲ್ಲಿ ಅಪಾಯವೂ ಉಂಟು. ಹೀಗೆ ಓದುವವನಿಗೆ ಯಾವ ಕಡತ ಯಾರದೆಂಬ ತಡೆಯಿಲ್ಲ. ಕೋಣೆಗೆಲ್ಲ ಬೀಗ ಹಾಕಿ ಹಿತ್ತಿಲ ಗೋಡೆ ಕೆಡವಿದ ಹಾಗೆ. ಆದ್ದರಿಂದಲೇ ಡಿಸ್ಕಿನ ಕಡತವನ್ನು ಮುಖ್ಯ ನಿರ್ವಾಹಕನ ಕೈಯಲ್ಲೇ ಇಡುವ ರೂಢಿ. 1983ರ ಬರ್ಕ್ಲಿ 4.2ರಲ್ಲಿ ಡೈರೆಕ್ಟರಿಯ ರೂಪವೇ ಬದಲಾಯಿತು. ಲಿನಕ್ಸಿನಲ್ಲಂತೂ ಡೈರೆಕ್ಟರಿಯನ್ನು ರೀಡ್ ಕರೆಯಿಂದ ಓದಹೋದರೆ ತಪ್ಪೆಂದು ಹಿಂದಿರುಗಿಸುತ್ತದೆ.

ನಾನಿದ್ದ ಒಂದು ಶಾಲೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದವರು ಗೆರೆ ಹೊಡೆದ ಹೆಸರುಗಳನ್ನು ಬೇಡವೆಂದು ಬಿಟ್ಟುಬಿಟ್ಟರು. ಏಳನೆಯ ತರಗತಿಯಲ್ಲಿ ಮದುವೆಯಾಗಿ ಹೋದ ಹುಡುಗಿಯೊಬ್ಬಳು ವರ್ಷಗಳ ಮೇಲೆ ಜನ್ಮದಿನಾಂಕದ ಪತ್ರ ಕೇಳಿ ಬಂದಳು. ತೆರೆಯ ಮೇಲೆ ಅವಳಿಲ್ಲ. ಬೀರುವಿನಿಂದ ಹಳೆಯ ಪುಸ್ತಕ ಇಳಿಸಿ, ಧೂಳು ಕೊಡವಿ, ಕೆಂಪು ಗೆರೆಯಡಿ ಅವಳ ಹೆಸರನ್ನು ಇಬ್ಬರೂ ಬೆರಳಿಟ್ಟು ಓದಿದೆವು.