ಸಿದ್ಧಗಂಗೆಯ ಋಣ

ನಾಗಪುರದಲ್ಲಿ ನೆಲೆಸಿದ ನಾವು ಕೆಲವರು ತುಮಕೂರಿನ ಸಿದ್ಧಗಂಗಾ ಮಠದ ಹಳೆಯ ವಿದ್ಯಾರ್ಥಿಗಳು. ಕೂಡಿದಾಗಲೆಲ್ಲ ನಮ್ಮ ಮಾತು ಅಲ್ಲಿಗೇ ಹೊರಳುತ್ತದೆ: ನಸುಕಿನಲ್ಲೇ ಏಳುವುದು, ಬಯಲಿನ ಸಾಮೂಹಿಕ ಪ್ರಾರ್ಥನೆ, ಪಂಕ್ತಿಯಲ್ಲಿ ಕುಳಿತು ಉಂಡ ಮುದ್ದೆ-ಸಾರು. ಆ ಮುದ್ದೆಯ ರಾಗಿ ಎಲ್ಲಿಂದ ಬರುತ್ತಿತ್ತೆಂದು ಅಂದು ನಾವು ಯೋಚಿಸಿದವರಲ್ಲ.

ಶ್ರೀ ಶಿವಕುಮಾರ ಸ್ವಾಮಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. 1930ರಲ್ಲಿ ಸನ್ಯಾಸ ಸ್ವೀಕರಿಸಿದರು. 1941ರಲ್ಲಿ ಗುರುಗಳಾದ ಉದ್ಧಾನ ಸ್ವಾಮಿಗಳು ಲಿಂಗೈಕ್ಯರಾದಾಗ ಮಠದ ಹೊಣೆ ಅವರ ಹೆಗಲಿಗೆ ಬಂತು. ಭಕ್ತರ ಹಳ್ಳಿಗಳನ್ನು ಸುತ್ತಿ ದವಸ ಕೂಡಿಸಿದರು. ರೈತರು ಸುಗ್ಗಿಯಲ್ಲಿ ರಾಗಿ, ಬೇಳೆ, ತೆಂಗಿನಕಾಯಿ ತಂದೊಪ್ಪಿಸಿದರು. ಅನ್ನ, ವಸತಿ, ವಿದ್ಯೆ ಮೂರೂ ಉಚಿತ, ಜಾತಿ-ಮತಗಳ ಭೇದವಿಲ್ಲ. ಕ್ರಮೇಣ ಮಕ್ಕಳ ಸಂಖ್ಯೆ ಹತ್ತು ಸಾವಿರದ ಸುಮಾರಿಗೆ ಮುಟ್ಟಿತು.

2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ, ಸ್ವಾಮಿಗಳು ಲಿಂಗೈಕ್ಯರಾದರು. ಮಕ್ಕಳ ಊಟ ಮುಗಿದ ಮೇಲೆಯೇ ಆ ಸುದ್ದಿಯನ್ನು ಪ್ರಕಟಿಸಲಾಯಿತು. ಅವರ ಇಚ್ಛೆಯೂ ಅದೇ ಆಗಿತ್ತು.

ನಮ್ಮನ್ನು ಓದಿಸಿ ಸರಕಾರಿ ಕುರ್ಚಿಯವರೆಗೆ ತಂದದ್ದು ಹೆಸರು ತಿಳಿಯದ ಆ ರೈತರ ರಾಗಿ. ಅವರ ಋಣವನ್ನು ಅವರಿಗೇ ತೀರಿಸಲಾಗದು. ಓದಲೆಂದು ನಾಗಪುರಕ್ಕೆ ಬರುವ ಬಡ ಕನ್ನಡ ಹುಡುಗನಿಗೆ ನಮ್ಮ ಮನೆಗಳಲ್ಲಿ ವಾರಕ್ಕೊಂದು ಊಟವಾದರೂ ದೊರೆಯಲಿ.