ಕಾಲೇಜು ಬ್ಯಾಸ್ಕೆಟ್‌ಬಾಲಿನ ಶ್ರೇಷ್ಠ ಆಟಗಾರರು: ಒಂದು ಚಾರಿತ್ರಿಕ ವಿವೇಚನೆ

‘ಅತ್ಯಂತ ಶ್ರೇಷ್ಠ’ ಎಂಬ ಮಾತು ಯಾವ ಕ್ಷೇತ್ರದಲ್ಲಿ ಕೇಳಿಬಂದರೂ ಇತಿಹಾಸದ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಶ್ರೇಷ್ಠತೆಯನ್ನು ಅಳೆದ ಮಾನದಂಡ ಯಾವುದು? ಆ ಮಾನದಂಡವು ಎಲ್ಲ ಕಾಲಕ್ಕೂ ಒಂದೇ ಆಗಿತ್ತೆ? ಅಳತೆಗೆ ನಿಲ್ಲುವ ಅವಕಾಶವೇ ಇಲ್ಲದೆ ಹೊರಗುಳಿದವರು ಯಾರು? ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಚರಿತ್ರೆಯನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಬ್ಯಾಸ್ಕೆಟ್‌ಬಾಲ್ ತಾನಾಗಿ ಬೆಳೆದುಬಂದ ಜನಪದ ಕ್ರೀಡೆಯಲ್ಲ. ಒಬ್ಬ ಅಧ್ಯಾಪಕರು ರಚಿಸಿದ ಆಟ. 1891ರ ಡಿಸೆಂಬರಿನಲ್ಲಿ ಮೆಸಾಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೇಯ್‌ಸ್ಮಿತ್ ಅವರು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು, ತಮ್ಮ ವಿದ್ಯಾರ್ಥಿಗಳಿಂದ ಇದನ್ನು ಆಡಿಸಿದರು. ನಿಯಮವೇ ಈ ಆಟದ ಮೂಲವಾದ ಕಾರಣ, ನಿಯಮಗಳಲ್ಲಾದ ಬದಲಾವಣೆಗಳೇ ಇದರ ಚರಿತ್ರೆಗೆ ಮುಖ್ಯ ಆಕರಗಳು. ಒಬ್ಬ ಆಟಗಾರನ ಸಾಮರ್ಥ್ಯವನ್ನು ಅವನ ಅಭಿಮಾನಿಗಳು ಉತ್ಪ್ರೇಕ್ಷಿಸಬಹುದು. ಆದರೆ ನಿಯಮ ಸಮಿತಿಯು ಅವನಿಗೆ ಅಂಜಿ ಆಟವನ್ನೇ ತಿದ್ದಿದರೆ, ಆ ಸಾಕ್ಷ್ಯವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಇಂತಹ ಸಾಕ್ಷ್ಯ ಮೂರು ಸಂದರ್ಭಗಳಲ್ಲಿ ದೊರೆಯುತ್ತದೆ. ಡಿಪಾಲ್ ವಿಶ್ವವಿದ್ಯಾನಿಲಯದ ಜಾರ್ಜ್ ಮೈಕನ್ ಮತ್ತು ಒಕ್ಲಹೋಮ ಎ ಅಂಡ್ ಎಂ ಕಾಲೇಜಿನ ಬಾಬ್ ಕರ್ಲೆಂಡ್ ಅತಿ ಎತ್ತರದ ಆಟಗಾರರು. ಬುಟ್ಟಿಯತ್ತ ಇಳಿಯುತ್ತಿದ್ದ ಚೆಂಡನ್ನು ಅವರು ನಡುವೆಯೇ ತಡೆದುಬಿಡುತ್ತಿದ್ದರು. 1944ರಲ್ಲಿ ಇದನ್ನು ನಿಷೇಧಿಸಲಾಯಿತು. ಎರಡನೆಯವರು ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾನಿಲಯದ ಬಿಲ್ ರಸೆಲ್. 1955 ಮತ್ತು 1956ರಲ್ಲಿ ಅವರ ತಂಡವು ರಾಷ್ಟ್ರೀಯ ಪ್ರಶಸ್ತಿಯನ್ನು ಗಳಿಸಿತು. ಅದುವರೆಗೆ ಅಂಕ ಗಳಿಕೆಯೇ ಪ್ರಧಾನವಾಗಿದ್ದ ಆಟದಲ್ಲಿ ರಕ್ಷಣೆಯೂ ಒಂದು ಕಲೆಯೆಂಬುದನ್ನು ಅವರು ತೋರಿಸಿಕೊಟ್ಟರು. ಅವರ ಕಾಲೇಜು ದಿನಗಳು ಮುಗಿದೊಡನೆ ಬುಟ್ಟಿಯ ಮುಂದಿನ ಪಟ್ಟಿಯ ಅಗಲವನ್ನು 6 ಅಡಿಗಳಿಂದ 12 ಅಡಿಗಳಿಗೆ ಹೆಚ್ಚಿಸಲಾಯಿತು. ಮೂರನೆಯವರು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲೂ ಅಲ್ಸಿಂಡರ್. ಮುಂದೆ 1971ರಲ್ಲಿ ಕರೀಮ್ ಅಬ್ದುಲ್ ಜಬ್ಬಾರ್ ಎಂಬ ಹೆಸರನ್ನು ತಳೆದವರು. 1967ರಲ್ಲಿ ಅವರ ತಂಡವು ಒಂದು ಪಂದ್ಯವನ್ನೂ ಸೋಲದೆ ಪ್ರಶಸ್ತಿಯನ್ನು ಪಡೆಯಿತು. ಅದೇ ವರ್ಷ ಚೆಂಡನ್ನು ಮೇಲಿನಿಂದ ಬುಟ್ಟಿಯೊಳಕ್ಕೆ ತುರುಕುವ ‘ಡಂಕ್’ ಕ್ರಮವನ್ನು ನಿಷೇಧಿಸಲಾಯಿತು. ಆ ನಿಷೇಧವು 1976ರವರೆಗೆ ಜಾರಿಯಲ್ಲಿತ್ತು. ಅಪಾಯ ನಿವಾರಣೆಯೇ ಮೊದಲಾದ ಕಾರಣಗಳನ್ನು ಮುಂದಿಟ್ಟಿದ್ದರೂ ಅಲ್ಸಿಂಡರ್ ಅವರಿಗೆ ಇದರಲ್ಲಿ ವರ್ಣದ್ವೇಷದ ಛಾಯೆ ಕಾಣಿಸಿತು.

ಆದರೆ ಪ್ರಶಸ್ತಿಗಳ ಸಂಖ್ಯೆಯೊಂದೇ ಸಾಕಾದ ಪ್ರಮಾಣವಲ್ಲ. ಸಿನ್ಸಿನಾಟಿ ವಿಶ್ವವಿದ್ಯಾನಿಲಯದ ಆಸ್ಕರ್ ರಾಬರ್ಟ್‌ಸನ್ ತಾವು ಆಡಿದ ಮೂರು ಋತುಗಳಲ್ಲಿಯೂ ಅಂಕ ಗಳಿಕೆಯಲ್ಲಿ ರಾಷ್ಟ್ರಕ್ಕೆ ಮೊದಲಿಗರಾಗಿದ್ದರು; ಆದರೂ ಅವರ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ದಕ್ಕಲಿಲ್ಲ. ಅವರು ಕಾಲೇಜನ್ನು ಬಿಟ್ಟ ತರುವಾಯ, 1961 ಮತ್ತು 1962ರಲ್ಲಿ, ಅದೇ ತಂಡವು ಎರಡು ಬಾರಿ ಗೆದ್ದಿತು. ಕನ್ಸಾಸಿನ ವಿಲ್ಟ್ ಚೇಂಬರ್ಲಿನ್ 1957ರ ಅಂತಿಮ ಪಂದ್ಯವನ್ನು ಕಳೆದುಕೊಂಡದ್ದು ಮೂರು ಹೆಚ್ಚುವರಿ ಅವಧಿಗಳ ಬಳಿಕ, 54–53ರಲ್ಲಿ, ಒಂದೇ ಒಂದು ಅಂಕದ ಅಂತರದಿಂದ. ಈ ಒಂದು ಅಂಕದಿಂದ ಚೇಂಬರ್ಲಿನ್ನರ ಯೋಗ್ಯತೆಯನ್ನು ನಿರ್ಣಯಿಸುವುದು ನ್ಯಾಯವಲ್ಲ.

ಇನ್ನು ಅಳತೆಗೆ ನಿಲ್ಲಲು ಅವಕಾಶವಿಲ್ಲದವರ ವಿಚಾರ. ದಕ್ಷಿಣದ ಅನೇಕ ವಿಶ್ವವಿದ್ಯಾನಿಲಯಗಳು 1960ರ ದಶಕದ ಬಹುಭಾಗ ಕರಿಯ ಆಟಗಾರರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅವರಿರುವ ತಂಡಗಳೊಡನೆ ಆಡುವುದೂ ಕೆಲವೆಡೆ ನಿಷಿದ್ಧವಾಗಿತ್ತು. 1963ರಲ್ಲಿ ಮಿಸಿಸಿಪಿ ಸ್ಟೇಟ್ ತಂಡವು ನ್ಯಾಯಾಲಯದ ತಡೆಯಾಜ್ಞೆಯನ್ನು ತಪ್ಪಿಸಿಕೊಂಡು, ಗುಟ್ಟಾಗಿ ತನ್ನ ಸಂಸ್ಥಾನದ ಗಡಿಯನ್ನು ದಾಟಿ ಹೋಗಿ ಷಿಕಾಗೋದ ಲೊಯೋಲ ತಂಡದೊಡನೆ ಆಡಿತು. ಪಂದ್ಯದಲ್ಲಿ ಅದು 61–51ರಿಂದ ಸೋತಿತಾದರೂ, ಆಡಲು ಹೋದದ್ದೇ ಚರಿತ್ರಾರ್ಹವಾದ ಸಂಗತಿ. 1966ರ ಮಾರ್ಚ್ 19ರಂದು ಟೆಕ್ಸಾಸ್ ವೆಸ್ಟರ್ನ್ ಕಾಲೇಜು ಐವರು ಕರಿಯ ಆಟಗಾರರನ್ನು ಮೊದಲಿಗೆ ಕಣಕ್ಕಿಳಿಸಿ, ಬಿಳಿಯರೇ ತುಂಬಿದ್ದ ಕೆಂಟಕಿ ತಂಡವನ್ನು 72–65ರಿಂದ ಸೋಲಿಸಿತು. ಮುಂದಿನ ವರ್ಷ, 1967ರಲ್ಲಿ, ವಾಂಡರ್‌ಬಿಲ್ಟ್‌ನ ಪೆರಿ ವ್ಯಾಲೆಸ್ ಆಗ್ನೇಯ ವಿಶ್ವವಿದ್ಯಾನಿಲಯಗಳ ಕೂಟದ ಮುಖ್ಯ ಬ್ಯಾಸ್ಕೆಟ್‌ಬಾಲ್ ತಂಡವೊಂದರಲ್ಲಿ ಆಡಿದ ಮೊದಲ ಕರಿಯ ವಿದ್ಯಾರ್ಥಿಯಾದರು. ಪ್ರೇಕ್ಷಕರ ಬೈಗುಳಗಳನ್ನೂ ಬೆದರಿಕೆಗಳನ್ನೂ ಸಹಿಸಿ ಅವರು ಆಡಿದರು. ಅಂಕಗಳ ಪಟ್ಟಿಯಲ್ಲಿ ಅವರ ಹೆಸರು ಮೇಲ್ಗಡೆ ಕಾಣದು. ಆದರೆ ಪಟ್ಟಿಯನ್ನು ಎಲ್ಲರಿಗೂ ತೆರೆದವರಲ್ಲಿ ಅವರೊಬ್ಬರು.

ಇದೇ ಕೂಟದಲ್ಲಿ, ಇದೇ ವರ್ಷಗಳಲ್ಲಿ, ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾನಿಲಯದ ಪೀಟ್ ಮರಾವಿಚ್ 83 ಪಂದ್ಯಗಳಲ್ಲಿ 3,667 ಅಂಕಗಳನ್ನು, ಎಂದರೆ ಪಂದ್ಯವೊಂದಕ್ಕೆ ಸರಾಸರಿ 44.2ರಂತೆ, ಗಳಿಸಿದರು. ಈ ಅಂಕಿಗಳನ್ನು ಎರಡು ಬಗೆಯಾಗಿ ಓದಬೇಕು. ಆಗ ದೂರದ ಎಸೆತಕ್ಕೆ ಮೂರು ಅಂಕಗಳಿರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮುಖ್ಯ ತಂಡದಲ್ಲಿ ಸ್ಥಾನವಿರಲಿಲ್ಲ. ಇದು ಅವರ ಸಾಧನೆಯ ತೂಕವನ್ನು ಹೆಚ್ಚಿಸುತ್ತದೆ. ಆದರೆ ಅವರ ಕೂಟದ ಎದುರಾಳಿ ತಂಡಗಳು ಬಹುಮಟ್ಟಿಗೆ ಬಿಳಿಯರಿಗೆ ಮೀಸಲಾಗಿದ್ದವು. ದೇಶದ ಉತ್ತಮ ಆಟಗಾರರಲ್ಲಿ ಅನೇಕರು ಅಲ್ಲಿ ಅವರಿಗೆ ಎದುರಾಗಲೇ ಇಲ್ಲ. ಇದು ಮರಾವಿಚ್ಚರ ದೋಷವಲ್ಲ. ಆದರೂ ಅಂಕಿಗಳ ಅರ್ಥವನ್ನು ಇದು ಸೀಮಿತಗೊಳಿಸುತ್ತದೆ.

ಸ್ತ್ರೀಯರ ವಿಷಯದಲ್ಲಿ ಬಾಗಿಲು ಇನ್ನೂ ತಡವಾಗಿ ತೆರೆಯಿತು. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ ಶಾಸನವು 1972ರಲ್ಲಿ ಬಂದಿತು. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವು ಮಹಿಳೆಯರ ಪಂದ್ಯಾವಳಿಯನ್ನು ಆರಂಭಿಸಿದ್ದು 1982ರಲ್ಲಿ. ಕನ್ಸಾಸಿನ ಲಿನೆಟ್ ವುಡರ್ಡ್ 1981ರ ಹೊತ್ತಿಗೆ 3,649 ಅಂಕಗಳನ್ನು ಗಳಿಸಿದ್ದರು. ಆದರೆ ಅವರು ಆಡಿದ್ದು ಮಹಿಳೆಯರದೇ ಆದ ಬೇರೊಂದು ಸಂಘದ ಆಶ್ರಯದಲ್ಲಿ. ಆದಕಾರಣ ಬಹುಕಾಲ ಅವರ ಹೆಸರು ಅಧಿಕೃತ ದಾಖಲೆಯಲ್ಲಿ ಸೇರಲಿಲ್ಲ. 2024ರಲ್ಲಿ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಮೊದಲು ವುಡರ್ಡರನ್ನು, ಬಳಿಕ ಮಾರ್ಚ್ 3ರಂದು ಮರಾವಿಚ್ಚರನ್ನೂ ದಾಟಿ, ಕೊನೆಗೆ 3,951 ಅಂಕಗಳಲ್ಲಿ ನಿಂತರು. ಅವರಿಗೆ ನಾಲ್ಕು ಋತುಗಳೂ, 139 ಪಂದ್ಯಗಳೂ, ಮೂರು ಅಂಕಗಳ ಎಸೆತವೂ ಲಭ್ಯವಿದ್ದವು. ಕ್ಲಾರ್ಕರ ದಾಖಲೆಯನ್ನು ಮರಾವಿಚ್ಚರ ದಾಖಲೆಯ ಪಕ್ಕದಲ್ಲಿಡಬಹುದು; ಒಂದರಿಂದ ಇನ್ನೊಂದನ್ನು ಕಳೆದು ಶೇಷವನ್ನು ಶ್ರೇಷ್ಠತೆ ಎನ್ನಲಾಗದು.

ಹಾಗಾದರೆ ತೀರ್ಮಾನವೇ ಸಾಧ್ಯವಿಲ್ಲವೆ? ಸಾಧ್ಯವಿದೆ, ಆದರೆ ಅದು ಪರೀಕ್ಷೆಗೆ ಒಳಪಡುವಂತಿರಬೇಕು. ನಿಯಮ ಬದಲಾಗುವ ಮೊದಲೂ ಬದಲಾದ ಮೇಲೂ ಆಟಗಾರನ ಪ್ರಭಾವ ಕುಂದದಿದ್ದರೆ, ಅವನ ಬಲವು ನಿಯಮದ ಯಾವುದೋ ಒಂದು ಸಡಿಲಿನಿಂದ ಬಂದುದಲ್ಲವೆಂದು ಸಿದ್ಧವಾಗುತ್ತದೆ. ಮೈಕನ್ ಈ ಪರೀಕ್ಷೆಯಲ್ಲಿ ತೇರ್ಗಡೆಯಾದರು. ನಿಷೇಧದ ತರುವಾಯವೂ ಅವರು ಅಂಕ ಗಳಿಕೆಯಲ್ಲಿ ಅಗ್ರಗಣ್ಯರಾಗಿಯೇ ಉಳಿದರು. ರಸೆಲ್ಲರಿಗೆ ಆ ಸಂದರ್ಭವೇ ಒದಗಲಿಲ್ಲ. ಅಲ್ಸಿಂಡರ್ ಅವರಾದರೋ ನಿಷೇಧದ ಬಳಿಕ 1968 ಮತ್ತು 1969ರಲ್ಲಿ ಮತ್ತೆರಡು ಪ್ರಶಸ್ತಿಗಳನ್ನು ಗಳಿಸಿದರು. ಮೂರು ವರ್ಷಗಳಲ್ಲಿ ಅವರ ತಂಡವು 88 ಪಂದ್ಯಗಳನ್ನು ಗೆದ್ದು, ಎರಡನ್ನು ಮಾತ್ರ ಸೋತಿತು. ಕರಿಯ ಆಟಗಾರರಿಗೆ ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿ, ದೇಶದ ಪ್ರಬಲ ತಂಡಗಳ ಎದುರಿನಲ್ಲಿ ಇದು ಸಾಧಿತವಾಯಿತು. ಆದಕಾರಣ ಪುರುಷರ ಆಟದ ಮಟ್ಟಿಗೆ ಅವರಿಗೆ ಅಗ್ರಸ್ಥಾನ ಸಲ್ಲಬೇಕೆಂದು ನನ್ನ ಅಭಿಪ್ರಾಯ.

ಆದರೂ ಈ ತೀರ್ಪು ಆಡಲು ಅವಕಾಶ ದೊರೆತವರಿಗೆ ಮಾತ್ರ ಅನ್ವಯಿಸುತ್ತದೆ. ವರ್ಣದ ಅಥವಾ ಲಿಂಗದ ಕಾರಣದಿಂದ ಅಂಗಳಕ್ಕೆ ಇಳಿಯಲಾರದೆ ಹೋದವರ ಅಂಕಗಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಪಟ್ಟಿಗಳನ್ನು ಓದುವಾಗ ಈ ಖಾಲಿ ಸ್ಥಳಗಳನ್ನೂ ಓದಲು ಕಲಿಸುವುದು ಇತಿಹಾಸ ಬೋಧನೆಯ ಕರ್ತವ್ಯಗಳಲ್ಲಿ ಒಂದು.